ಖಾಸಗಿ

ಆಲ್ಪ್ಸ್ ಬುಡದ ಕೂರ್ ಪಟ್ಟಣ, ಶಸ್ತ್ರಾಗಾರದ ಹಿಂಬದಿಯಲ್ಲಿ
ನನ್ನ ಬೆಂಚು. ಉತ್ತರದ ಕಿಟಕಿ, ಎಣ್ಣೆ ಹತ್ತಿದ ಬಟ್ಟೆ,
ಮಧ್ಯಾಹ್ನದ ಬ್ರೆಡ್ಡಿಗೂ ಅದೇ ವಾಸನೆ.
ಇಪ್ಪತ್ತಾರು ವರ್ಷ ಮಾಡಿದ್ದು ಇದೊಂದೇ:
ಸೈನ್ಯದ ಬಂದೂಕನ್ನು ಸಂಸಾರಿ ಮಾಡುವುದು.

ಸೇವೆ ಮುಗಿದವರು ಡಿಸೆಂಬರಿನಲ್ಲಿ ಬರುತ್ತಾರೆ,
ಸಾಲಾಗಿ, ಕೊನೆಯ ಸಲ ಸಾಲಾಗಿ.
ಹೆಲ್ಮೆಟ್ಟು ವಾಪಸ್ಸು, ಮುಖವಾಡ ವಾಪಸ್ಸು.
ಬಂದೂಕು ಬೇಕೆಂದರೆ ನೂರು ಫ್ರಾಂಕು, ಒಂದು ಪರವಾನಗಿ,
ಆಮೇಲೆ ನಾನು.

ಬಿಚ್ಚುತ್ತೇನೆ. ಒಂದು ತುಣುಕು ತೆಗೆಯುತ್ತೇನೆ,
ಗುಬ್ಬಿಯ ಮೂಳೆಯಷ್ಟು.
ಮತ್ತೆ ಹೊಲಿಯುತ್ತೇನೆ. ನನ್ನ ಬಾಯಲ್ಲಿ ಅದು ಹೊಲಿಗೆಯೇ,
ಅಮ್ಮ ದರ್ಜಿ.
ಕಡೆಗೆ ಅಚ್ಚು, ಸುತ್ತಿಗೆ, ಒಂದು ಏಟು:
ಪಿ.
ನಮ್ಮ ಭಾಷೆಯಲ್ಲಿ ಖಾಸಗಿ ಎಂಬುದರ ಮೊದಲಕ್ಷರ.

ಅಂಗಡಿಯಲ್ಲಿ ಸಿಗುವುದು ಬೇರೆ ಜಾತಿ, ಹುಟ್ಟಾ ನಾಗರಿಕ.
ಅದೇ ಕಾರ್ಖಾನೆ, ಅದೇ ಬೂದುಹಸಿರು,
ಮಡಚಿದರೆ ಮಡಚುವ ಅದೇ ಎರಡು ಮುಂಗಾಲು.
ಒಂದು ರಾತ್ರಿಯೂ ಕೆಸರಲ್ಲಿ ಮಲಗಿಲ್ಲ,
ಯಾವ ಸಾರ್ಜೆಂಟೂ ಅದರ ನಳಿಗೆಗೆ ಕಣ್ಣಿಟ್ಟು
ಅದರ ಯಜಮಾನನ ಅಪ್ಪ ಅಮ್ಮನನ್ನು ಬೈದಿಲ್ಲ.
ಶಾಲೆಯ ಮಕ್ಕಳು ಬಂದಾಗ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳುತ್ತೇನೆ,
ಇದರಲ್ಲಿ ಸಿಪಾಯಿ ಯಾರು?
ಹೊಸದನ್ನೇ ತೋರಿಸುತ್ತಾರೆ, ಪ್ರತಿ ವರ್ಷವೂ.
ಹೊಳೆಯುತ್ತದಲ್ಲ.

ಹಲ್ಲು ಕಿತ್ತ ಹಾವು ಬಿಡಿ, ಅನ್ನುತ್ತಾರೆ ಜನ.
ನಾನೂ ಅಂದಿದ್ದೇನೆ, ಗಿಯೋನ್ ಕಾದ್ರುವಿಗೆ.
ಅಂಚೆ ಬಸ್ಸಿನ ಚಾಲಕ, ತಿರುವಿನಲ್ಲೂ ಕಾಫಿ ಚೆಲ್ಲದವನು.
ಕಸಗುಡಿಸುವ ಯಂತ್ರದ ಪಕ್ಕ, ಬೀರುವಿನಲ್ಲಿ ಇಡುತ್ತೇನೆ,
ಹೆಂಡತಿಗೆ ಏನಂತ ಹೇಳಲಿ? ಅಂದ.
ಅಪಾಯದ ಭಾಗ ತೆಗೆದಿದ್ದಾರೆ ಅನ್ನು, ಅಂದೆ.
ಇಬ್ಬರೂ ನಕ್ಕೆವು.
ಆಮೇಲೆ ಭಾನುವಾರಗಳಲ್ಲಿ ಗುರಿಮೈದಾನದಿಂದ
ಹಸುಗಳ ಗಂಟೆಯ ನಡುವೆ ಒಂದೊಂದೇ ಸದ್ದು ಕೇಳಿದಾಗ
ಇದು ಗಿಯೋನನದ್ದಿರಬೇಕು, ಅಂದುಕೊಂಡದ್ದೂ ಉಂಟು.

ಹನ್ನೊಂದು ವರ್ಷ.

ಇವತ್ತು ಸೆರೈನಾ ಕಾದ್ರುವಿ ಬಂದಳು,
ಸ್ಕೀ ಚೀಲದೊಳಗೆ ಬಂದೂಕು.
ಗುರಿಕಾರರ ಸಂಘದ ಹಳೆಯ ಪದಕವೊಂದು ಜೊತೆಗೇ ಬಂದುಬಿಟ್ಟಿತ್ತು,
ಮೇಜಿನ ಮೇಲೆ ಉರುಳಿ ಸದ್ದು ಮಾಡಿತು.
ಟ್ರಿಗರಿನ ಬಳೆಗೆ ಪೊಲೀಸರ ಚೀಟಿ ಕಟ್ಟಿತ್ತು.
ದಿನಾಂಕವನ್ನಷ್ಟೇ ಓದಿದೆ: ಮಾರ್ಚ್ ಎಂಟು.
ಅವಳ ಹೆಬ್ಬೆರಳು ಆ ಪಿ ಮೇಲೆ.
"ಅವತ್ತು ತೆಗೆದಿರಂತಲ್ಲ, ಅದನ್ನು ನೋಡಬೇಕು."

ಬಿಸ್ಕತ್ತಿನ ತಗಡು ಡಬ್ಬಿ ಇಳಿಸಿದೆ.
ತುಂಬಿದಾಗಲೆಲ್ಲ ಕುಲುಮೆಗೆ ಹೋಗುತ್ತದೆ, ಕಿಲೋ ಲೆಕ್ಕ.
ಅವನದ್ದು ಎಂದೋ ಕರಗಿದೆ.
ಅಂಥದ್ದೇ ಇನ್ಯಾರದ್ದನ್ನೋ ಅವಳ ಅಂಗೈಗಿಟ್ಟೆ.
ತಿರುಗಿಸಿದಳು, ಕಿಟಕಿಯ ಬೆಳಕಿಗೆ ಹಿಡಿದಳು,
ಮಗುವಿನ ಗಂಟಲಿಂದ ತೆಗೆದ ಮೀನಿನ ಮುಳ್ಳನ್ನು ನೋಡುವ ಹಾಗೆ.

"ಇಷ್ಟೇನಾ?"
ಇಷ್ಟೇ.
"ಇದು ಇದ್ದಿದ್ದರೆ?"
ಬೆರಳು ಒತ್ತಿಹಿಡಿದಷ್ಟು ಹೊತ್ತು ಹಾರುತ್ತಿತ್ತು.
"ಇಲ್ಲದೆ?"
ಒಂದು ಒತ್ತಿಗೆ ಒಂದು.

ಒಂದು, ಅಂದಳು,
ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು
ಬೀದಿಗೆ ಬಂದ ಮೇಲೆ ಎಣಿಸುವವರ ದನಿಯಲ್ಲಿ.

ನನ್ನ ಕೈಪಿಡಿಯಲ್ಲಿ ಈ ವ್ಯತ್ಯಾಸಕ್ಕೆ ನಾಲ್ಕು ಪುಟ, ಚಿತ್ರಸಮೇತ.
ಬಾಯಿಪಾಠ ನನಗೆ.
ನಾಲಿಗೆ ಮೇಲೇಳಲಿಲ್ಲ.

ರಸೀದಿ ಬರೆದೆ. ನಾಶಪಡಿಸಲು ಒಪ್ಪಿಗೆ:
ಸಹಿ ಇಲ್ಲಿ, ಇಲ್ಲೊಂದು.
ಷರಾ ಅನ್ನುವ ಕಡೆ ಪಿ ಎಂದು ಬರೆಯುವುದು ಪದ್ಧತಿ,
ಬರೆದೆ.
ಪದಕ ಬೇಡವೆಂದಳು.
ಸ್ಕೀ ಚೀಲವನ್ನು ಮಾತ್ರ ಕೊಡವಿ, ಮಡಚಿ,
ಕಂಕುಳಿಗೆ ಸಿಕ್ಕಿಸಿಕೊಂಡಳು.
ಜಿಪ್ಪು ಇನ್ನೂ ಗಟ್ಟಿ ಇದೆ, ಮಗಳಿಗಾಗುತ್ತದೆ,
ಶನಿವಾರ ಹಿಮ ಬೀಳುತ್ತದಂತಲ್ಲ, ಅಂದಳು.